ಚಂದ್ರನ ಬಿಳಿ ಗೆರೆ, ಪಾಲಾಕ್ಷನ ಕೋಣ

"ಗುರುಗಳೇ, ಹುಣಸೆಕೊಪ್ಪಲಿನಲ್ಲಿ ಒಂದು ಕೋಣಕ್ಕೆ ನನ್ನ ಹೆಸರಿಟ್ಟಿದ್ದಾರಂತೆ."

ಪಾಲಾಕ್ಷ ಇಷ್ಟು ಹೇಳಿ ಜೋಳಿಗೆಯನ್ನು ಜಗಲಿಯ ಮೇಲೆ ಕುಕ್ಕಿದ. ಒಳಗಿದ್ದ ರಾಗಿ ಹಿಟ್ಟು ಭಗ್ಗನೆ ಎದ್ದು ಅವನ ಗಡ್ಡಕ್ಕೇ ಮೆತ್ತಿಕೊಂಡಿತು.

ಮರುಳಯ್ಯ ಗುರುಗಳು ಹೊಳೆಯ ಕಡೆ ದುರ್ಬೀನು ಹಿಡಿದು ಕೂತಿದ್ದರು. ಭೂಗೋಳ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಕಾಶಿಗೆ ಹೋಗುವಾಗ ಅದನ್ನು ಆಶ್ರಮಕ್ಕೆ ಕೊಟ್ಟು ಹೋಗಿದ್ದರು. ಗುರುಗಳು ಹಗಲು ಅದರಲ್ಲಿ ಕೊಕ್ಕರೆ ನೋಡುತ್ತಿದ್ದರು, ಸಂಜೆ ಚಂದ್ರನನ್ನು ನೋಡುತ್ತಿದ್ದರು. ನಡುವೆ ಪುರುಸೊತ್ತು ಸಿಕ್ಕರೆ, ಭಿಕ್ಷೆಗೆ ಹೋದ ಶಿಷ್ಯ ಯಾವ ಮರದ ಕೆಳಗೆ ಮಲಗಿದ್ದಾನೆ ಅಂತ ನೋಡುತ್ತಿದ್ದರು.

"ಕೋಣ ಹೇಗಿದೆಯಂತೆ?" ಅಂದರು.

"ಗುರುಗಳೇ, ಇದು ನಗುವ ವಿಷಯ ಅಲ್ಲ."

"ನಾನೆಲ್ಲಿ ನಕ್ಕೆ? ಹೆಸರಿಟ್ಟ ಮೇಲೆ ಚೆನ್ನಾಗಿ ನೋಡಿಕೊಳ್ತಾರೋ ಇಲ್ಲವೋ ಅಂತ ಕೇಳಿದೆ."

ಪಾಲಾಕ್ಷ ಗಡ್ಡ ಕೊಡವಿಕೊಂಡ. "ಇದೆಲ್ಲ ಓಬಳೇಶನ ಕೆಲಸ. ಈ ಆಶ್ರಮದಲ್ಲಿ ಇನ್ನು ಅವನಿರಬೇಕು, ಇಲ್ಲ ನಾನಿರಬೇಕು. ನೀವೇ ತೀರ್ಮಾನ ಮಾಡಿ."

ಓಬಳೇಶ ಅಂದರೆ ಆಶ್ರಮದ ಅಡುಗೆಯವನು, ಪಾಲಾಕ್ಷನ ಹಾಗೇ ಗುರುಗಳ ಶಿಷ್ಯ. ಇವರಿಬ್ಬರ ನಡುವೆ ಮಾತು ನಿಂತು ಹನ್ನೊಂದು ವರ್ಷ ಆಗಿತ್ತು. ಮಾತು ಬಿಟ್ಟವನು ಪಾಲಾಕ್ಷ. ಓಬಳೇಶನಿಗೆ ಅದು ಗೊತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ.

ಆದದ್ದಾದರೂ ಏನು? ಕೇಳಿದರೆ ಇಷ್ಟೇನಾ ಅನ್ನುತ್ತೀರಿ.

ಪಾಲಾಕ್ಷ ಆಶ್ರಮಕ್ಕೆ ಬಂದದ್ದೇ ತತ್ವಪದ ಹಾಡುವ ಆಸೆಯಿಂದ. ಬರುವಾಗ ಒಂದು ಏಕತಾರಿ ತಂದಿದ್ದ. ಬಂದ ಹೊಸದರಲ್ಲಿ ಒಂದು ಸಂಜೆ ಗುರುಗಳ ಮುಂದೆ ಕೂತು ಕಣ್ಣು ಮುಚ್ಚಿ ಪದ ಎತ್ತಿಕೊಂಡ. ಓಬಳೇಶ ಅಡುಗೆಮನೆಯಿಂದ ಸೌಟು ಹಿಡಿದು ಹೊರಗೆ ಬಂದು, "ಏನಯ್ಯ, ಒಳ್ಳೇ ಕೋಣ ಕೂಗಿದ ಹಾಗಿದೆಯಲ್ಲ" ಅಂದ. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಸಾರು ಉಕ್ಕಿತು, ಒಳಗೆ ಓಡಿದ.

ಮುಗಿಯಿತು. ಕೇಳಿದವರು ಗುರುಗಳು, ಪಾಲಾಕ್ಷ, ಮತ್ತೊಂದು ಬೆಕ್ಕು. ಬೆಕ್ಕು ಯಾರಿಗೂ ಹೇಳಲಿಲ್ಲ.

ಪಾಲಾಕ್ಷ ಅವತ್ತೇ ಏಕತಾರಿಯನ್ನು ಗೋಡೆಯ ಗೂಟಕ್ಕೆ ತಗುಲಿ ಹಾಕಿದ. ಉಪ್ಪಿನಕಾಯಿ ಕೆಡದ ಹಾಗೆ ಇಡುವವರನ್ನು ನಾನು ಕಂಡಿದ್ದೇನೆ. ಒಂದು ಮಾತನ್ನು ಹನ್ನೊಂದು ವರ್ಷ ಕೆಡದ ಹಾಗೆ ಇಟ್ಟವನು ಇವನೊಬ್ಬನೇ.

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಜೋಳಿಗೆ ಹೊತ್ತವನು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಒಂದು ಪದ ಹಾಡಬೇಕು, ಆಮೇಲೆ ಜೋಳಿಗೆ ಚಾಚಬೇಕು. ಪದ ಹಾಡದೆ ಹಿಟ್ಟು ಕೇಳುವ ಹಾಗಿಲ್ಲ. ಜೋಳಿಗೆಯ ಪಾಳಿ ಪಾಲಾಕ್ಷನದು, ದಿನಕ್ಕೊಂದು ಊರು.

ಏಕತಾರಿ ಇಲ್ಲದೆ ಬಾಯಿ ಮುಚ್ಚಿ ನಿಂತ ಸ್ವಾಮಿಯನ್ನು ನೋಡಿ ಮನೆಯವರು ಕೇಳುತ್ತಿದ್ದರು, "ಯಾಕೆ ಸ್ವಾಮಿ, ಇವತ್ತು ಪದ ಇಲ್ವಾ?"

ಕಾರಣ ಹೇಳದೆ ಹಿಟ್ಟು ಇಸಿದುಕೊಳ್ಳುವುದು ಸರಿಯಲ್ಲವಲ್ಲ. ಪಾಲಾಕ್ಷ ಕಾರಣ ಹೇಳುತ್ತಿದ್ದ.

"ಈಗ ಕೇಳಿ ಗುರುಗಳೇ," ಅಂದ ಪಾಲಾಕ್ಷ. "ನಾನು ಹುಣಸೆಕೊಪ್ಪಲಿಗೆ ಒಂದು ದಿನವೂ ಕಾಲಿಟ್ಟಿಲ್ಲ. ಅದು ನಮ್ಮ ಪಾಳಿಯ ಊರೇ ಅಲ್ಲ. ಅಲ್ಲಿಯವರಿಗೆ ಈ ಕೋಣದ ಮಾತು ಗೊತ್ತಾಗಿದ್ದು ಹೇಗೆ? ಇವನು ಊರೂರಿಗೆ ಸಾರಿದ್ದಾನೆ. ಸಾಲದ್ದಕ್ಕೆ ನನ್ನ ಸಾರಿಗೆ ಮಾತ್ರ ಮೆಣಸು ಜಾಸ್ತಿ ಹಾಕ್ತಾನೆ. ಹನ್ನೊಂದು ವರ್ಷದಿಂದ ಬಾಯಿ ಉರಿದುಕೊಂಡೇ ಉಣ್ತಾ ಇದ್ದೀನಿ."

"ಮೆಣಸಿನ ವಿಷಯ ನನಗೆ ಗೊತ್ತಿರಲಿಲ್ಲ."

"ನಾನು ದೂರು ಹೇಳುವವನಲ್ಲ, ಅದಕ್ಕೇ ಹೇಳಿರಲಿಲ್ಲ."

ಗುರುಗಳು ದುರ್ಬೀನನ್ನು ಪಂಚೆಯ ತುದಿಯಿಂದ ಒರೆಸಿದರು. "ಹುಣ್ಣಿಮೆಗೆ ಇನ್ನು ಏಳು ದಿನ ಇದೆ. ಊರೂರಿಗೆ ಹೋಗು. ಕೋಣದ ಮಾತು ನಿಮಗೆ ಮೊದಲು ಹೇಳಿದ್ದು ಯಾರು ಅಂತ ಕೇಳು. ಓಬಳೇಶ ಹೇಳಿದ ಅಂತ ಒಬ್ಬ, ಒಬ್ಬನೇ ಒಬ್ಬ ಹೇಳಲಿ. ಹುಣ್ಣಿಮೆ ದಿನವೇ ಅವನನ್ನ ಹೊಳೆ ದಾಟಿಸಿ ಕಳಿಸ್ತೀನಿ."

ಪಾಲಾಕ್ಷನಿಗೆ ಎಷ್ಟು ಖುಷಿಯಾಯಿತೆಂದರೆ, ಯಾರೂ ಹಾಗೆ ಹೇಳದಿದ್ದರೆ ಏನು ಅಂತ ಕೇಳುವುದೇ ಮರೆತುಹೋಯಿತು.

ಹೊರಡುವ ಮುಂಚೆ ಅವನು ತನ್ನ ಗಂಟನ್ನೂ ಕಟ್ಟಿಟ್ಟ. ಒಂದು ಚಾಪೆ, ಎರಡು ಪಂಚೆ, ಒಂದು ಚೊಂಬು. ಗುರುಗಳು ನ್ಯಾಯ ಕೊಡದಿದ್ದರೆ ಹುಣ್ಣಿಮೆ ಮಾರನೆ ದಿನ ಎದ್ದು ಹೋಗುವುದೇ ಅಂತ ನಿಶ್ಚಯ ಮಾಡಿದ್ದ. ಏಕತಾರಿಯ ಕಡೆ ನೋಡಿದ. ಅದನ್ನು ಗಂಟಿಗೆ ಸೇರಿಸಲೂ ಮನಸ್ಸು ಬರಲಿಲ್ಲ, ಬಿಟ್ಟು ಹೋಗಲೂ ಬರಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಹಾಡಬೇಕು ಅನ್ನಿಸಿ ಗಂಟಲು ತುಂಬಿ ಬಂದಾಗೆಲ್ಲ ಅವನು ಒಂದು ಚೊಂಬು ನೀರು ಕುಡಿದು ಸುಮ್ಮನಾಗುತ್ತಿದ್ದ. ಎಷ್ಟು ಚೊಂಬು ಅಂತ ಅವನಿಗೇ ಲೆಕ್ಕವಿಲ್ಲ.

ಮೊದಲು ಸಿಕ್ಕವನು ಹರಿಗೋಲಿನ ಗಂಗಣ್ಣ.

ನಡುಹೊಳೆಯಲ್ಲಿ ಪಾಲಾಕ್ಷ ಕೇಳಿದ, "ಗಂಗಣ್ಣ, ನಿಜ ಹೇಳು. ನನ್ನ ಹಾಡು ಕೋಣ ಕೂಗಿದ ಹಾಗಿದೆ ಅಂತ ನಿನಗೆ ಮೊದಲು ಹೇಳಿದ್ದು ಯಾರು?"

"ನೀವೇ ಸ್ವಾಮಿ."

"ನಾನು ಹೇಳೋ ಮೊದಲು?"

"ಮೊದಲು ನೀವು ಚೆನ್ನಾಗಿ ಹಾಡ್ತೀರಿ ಅಂದ್ಕೊಂಡಿದ್ದೆ."

ಪಾಲಾಕ್ಷ ಹರಿಗೋಲಿನ ಅಂಚು ಹಿಡಿದುಕೊಂಡ. "ಓಬಳೇಶ ಹೇಳಿರಬೇಕು. ಸರಿಯಾಗಿ ನೆನಪು ಮಾಡಿಕೋ."

"ಓಬಳೇಶ ಅಂದ್ರೆ ಯಾರು?" ಗಂಗಣ್ಣ ಹುಟ್ಟು ಹಾಕುವುದು ನಿಲ್ಲಿಸಿ ಯೋಚಿಸಿದ. "ಓ, ನಿಮ್ಮ ಕಥೇಲಿ ಸೌಟು ಹಿಡ್ಕೊಂಡು ಬರ್ತಾನಲ್ಲ, ಅವನಾ? ಅವನು ನಿಜವಾಗಲೂ ಇದ್ದಾನಾ ಸ್ವಾಮಿ?"

ಇವನು ಮರೆಗುಳಿ ಅಂತ ಪಾಲಾಕ್ಷ ತೀರ್ಮಾನಿಸಿದ. ದಡ ಸೇರಿದವನೇ ಸರಸರ ಕುಂಬಾರಹಟ್ಟಿಯ ದಾರಿ ಹಿಡಿದ.

ಕುಂಬಾರಹಟ್ಟಿಯಲ್ಲಿ ಪುಟ್ಟೀರಮ್ಮ ಮಡಕೆ ತಟ್ಟುತ್ತಾ ಕೂತಿದ್ದಳು. ಅವಳ ಮನೆಯಿಂದ ವಾರಕ್ಕೆ ಎರಡು ಬೊಗಸೆ ಹಿಟ್ಟು ಬರುತ್ತಿತ್ತು. ಉಳಿದ ಮನೆಯವರು ಒಂದೇ ಬೊಗಸೆ ಕೊಡುತ್ತಿದ್ದರು. ತನ್ನ ನೋವು ಅರ್ಥವಾದ ಒಬ್ಬಳೇ ಹೆಂಗಸು ಇವಳು ಅಂತ ಪಾಲಾಕ್ಷ ನಂಬಿದ್ದ.

"ನೀವೇ ಅಲ್ವಾ ಸ್ವಾಮಿ ಹೇಳಿದ್ದು?" ಅಂದಳು ಪುಟ್ಟೀರಮ್ಮ. "ಇಲ್ಲೇ, ಈ ಕಂಬ ಹಿಡ್ಕೊಂಡು ನಿಂತಿದ್ರಿ. ನಮ್ಮತ್ತೆ ಆಗ ಹಾಸಿಗೆ ಹಿಡಿದಿದ್ರು. ಒಳಗಿಂದಲೇ ಕೇಳಿಸಿಕೊಂಡು ಎಷ್ಟು ನಕ್ಕರು ಅಂತೀರಿ. ಅವರು ನಕ್ಕಿದ್ದು ಅದೇ ಕೊನೆ. ನಿಮಗೆ ಪುಣ್ಯ ಬರಲಿ ಅಂತ ಅವತ್ತಿನಿಂದ ಎರಡು ಬೊಗಸೆ ಹಾಕ್ತಾ ಇದ್ದೀನಿ."

ಪಾಲಾಕ್ಷ ಜೋಳಿಗೆ ಹೆಗಲಿಗೇರಿಸಿ ಹೊರಡಲು ತಿರುಗಿದ.

"ಬಂದಿದ್ದೀರಿ, ಇನ್ನೊಂದು ಸಲ ಹೇಳಿಬಿಡಿ. ಸೊಸೆ ಹೊಸಬಳು, ಅವಳು ಕೇಳಿಲ್ಲ." ಪುಟ್ಟೀರಮ್ಮ ಒಳಗೆ ಮುಖ ಮಾಡಿ ಕೂಗಿದಳು, "ಬಾರೇ ಈಚೆಗೆ, ಕೋಣದ ಸ್ವಾಮಿ ಬಂದಿದ್ದಾರೆ, ಕಥೆ ಹೇಳ್ತಾರೆ."

ಸೊಸೆ ಬಂದು ಬಾಗಿಲಿಗೆ ಒರಗಿ ನಿಂತಳು. ಅಭ್ಯಾಸ ಎಂಥ ಕೆಟ್ಟದ್ದು ನೋಡಿ. ಪಾಲಾಕ್ಷನ ಕೈ ತಾನಾಗಿ ಕಂಬ ಹಿಡಿಯಿತು, ಬಾಯಿ ತಾನಾಗಿ ತೆರೆಯಿತು.

"ನಾನು ಕಣ್ಣು ಮುಚ್ಚಿ ಹಾಡ್ತಾ ಇದ್ದೆ ತಾಯಿ. ಆಗ ಓಬಳೇಶ ಅನ್ನುವವನು ಸೌಟು ಹಿಡ್ಕೊಂಡು..."

ಅಷ್ಟರಲ್ಲಿ ಅವನು ತನ್ನ ಬಲಗೈ ನೋಡಿಕೊಂಡ. ಅದು ಸೌಟು ಹಿಡಿದವರ ಹಾಗೆ ಮೇಲೆದ್ದಿತ್ತು. ಇನ್ನೆರಡು ಮಾತು ಆದ ಮೇಲೆ ನಗುವವರಿಗೆ ಹೊತ್ತು ಕೊಟ್ಟು ನಿಲ್ಲಬೇಕು ಅನ್ನುವುದೂ ಅವನಿಗೆ ಬಾಯಿಪಾಠವಾಗಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ದನಿ ತನ್ನ ಕಿವಿಗೆ ಕೇಳಿಸಿತು.

"ಆಮೇಲೆ?" ಅಂದಳು ಸೊಸೆ.

"ಆಮೇಲೆ ಏನಿಲ್ಲ," ಅಂತ ಹೇಳಿ ಪಾಲಾಕ್ಷ ಅಲ್ಲಿಂದ ಎದ್ದುಬಿದ್ದು ನಡೆದ.

ಉಳಿದ ಊರುಗಳಲ್ಲೂ ಇದೇ ಕಥೆಯಾಯಿತು. ಒಂದು ಊರಿನಲ್ಲಂತೂ ಒಬ್ಬ ಮುದುಕ ಅವನನ್ನೇ ತಿದ್ದಿದ. "ಸೌಟಲ್ಲ ಸ್ವಾಮಿ, ಹೋದ ವರ್ಷ ಹೇಳುವಾಗ ಒನಕೆ ಅಂದಿದ್ರಿ" ಅಂದ.

ಉಳಿದದ್ದು ಹುಣಸೆಕೊಪ್ಪಲು ಒಂದೇ. ಪಾಲಾಕ್ಷನ ಆಸೆಯೆಲ್ಲ ಅದರ ಮೇಲಿತ್ತು. ತಾನು ಕಾಲೇ ಇಡದ ಊರಿನಲ್ಲಿ ತಾನು ಹೇಳಿರಲು ಸಾಧ್ಯವೇ ಇಲ್ಲ. ಎರಡು ಹೊತ್ತು ನಡೆದು ಹೋಗಿ, ಕೋಣ ಸಾಕಿದ ತಿಮ್ಮಜ್ಜನ ಮನೆ ಹುಡುಕಿ, ಕೊಟ್ಟಿಗೆಯ ಮುಂದೆ ನಿಂತ.

"ಅಜ್ಜ, ಪಾಲಾಕ್ಷನ ವಿಷಯ ನಿನಗೆ ಹೇಳಿದ್ದು ಯಾರು?"

"ಬಳೆಗಾರ."

ಪಾಲಾಕ್ಷನ ಎದೆ ಹಗುರಾಯಿತು. "ಬಳೆಗಾರನಿಗೆ ಹೇಳಿದ್ದು?"

"ಯಾರೋ ಹರಿಗೋಲಿನವನಂತೆ. ಗಂಗಣ್ಣನೋ ಏನೋ."

ಗಂಗಣ್ಣನಿಗೆ ಹೇಳಿದ್ದು ಯಾರು ಅಂತ ಪಾಲಾಕ್ಷ ಕೇಳಲಿಲ್ಲ. ಕೊಟ್ಟಿಗೆಯ ಕಲ್ಲಿನ ಮೇಲೆ ಮೆಲ್ಲಗೆ ಕುಳಿತ. ತನ್ನ ಕಾಲು ಹೋಗದ ಕಡೆಗೂ ತನ್ನ ಮಾತು ಹೋಗಿತ್ತು.

ಕೋಣ ಬಂದು ಅವನ ಭುಜ ಮೂಸಿತು. ದೊಡ್ಡ ಕೋಣ, ಒಳ್ಳೇ ಕಣ್ಣು.

"ಸಾಧು ಪ್ರಾಣಿ," ಅಂದ ತಿಮ್ಮಜ್ಜ. "ಪಾಲಾಕ್ಷ ಅಂದ್ರೆ ಬರುತ್ತೆ, ಪಾಲಾಕ್ಷ ಅಂದ್ರೆ ಮಲಗುತ್ತೆ."

"ಅದರ ಕೂಗು ಅಷ್ಟು ಕೆಟ್ಟದಾಗಿದೆಯಾ?" ಪಾಲಾಕ್ಷ ತಲೆ ತಗ್ಗಿಸಿಕೊಂಡೇ ಕೇಳಿದ.

"ಕೂಗಾ? ಇದು ಕೂಗೋದೇ ಇಲ್ಲವಲ್ಲ ಸ್ವಾಮಿ. ಹುಟ್ಟಿದಾಗಿನಿಂದ ಬಾಯಿ ಬಿಟ್ಟಿಲ್ಲ. ಉಳಿದ ಕೋಣಗಳೆಲ್ಲ ಅವಕ್ಕೆ ಬಂದ ಹಾಗೆ ಕೂಗಿಕೊಳ್ತವೆ. ಇದೊಂದೇ ಗಂಟಲಿದ್ದೂ ಸುಮ್ಮನೆ. ಹಾಡಬೇಕು ಅಂತ ಆಶ್ರಮ ಸೇರಿ ಹಾಡದೇ ಇರೋ ಸ್ವಾಮಿ ಒಬ್ಬರಿದ್ದಾರೆ ಅಂತ ಬಳೆಗಾರ ಹೇಳಿದ್ದ. ಆ ಹೆಸರೇ ಇರಲಿ ಅಂದ್ಕೊಂಡ್ವಿ."

ಪಾಲಾಕ್ಷನಿಗೆ ಅಳು ಬಂತು. ಮಾತು ಬಿದ್ದ ದಿನ ಅವನು ಅತ್ತಿರಲಿಲ್ಲ. ಈಗ ಒಂದು ಕೋಣದ ಪಕ್ಕದಲ್ಲಿ ಕೂತು ಅತ್ತ. ಕೋಣವೂ ಏನೂ ಅನ್ನಲಿಲ್ಲ.

"ನೀವು ಯಾರು ಅಂತ ಗೊತ್ತಾಗಲಿಲ್ಲ," ಅಂದ ತಿಮ್ಮಜ್ಜ.

"ಅದರ ದಾಯಾದಿ," ಅಂತ ಹೇಳಿ ಪಾಲಾಕ್ಷ ಎದ್ದ.

ಹುಣ್ಣಿಮೆಯ ಸಂಜೆ ಅವನು ಆಶ್ರಮಕ್ಕೆ ಬಂದಾಗ ಚಂದ್ರ ಆಗಷ್ಟೇ ಹೊಳೆಯಾಚೆ ಎದ್ದಿದ್ದ. ಓಬಳೇಶ ಜಗಲಿಯ ಮೇಲೆ ಕೂತು ಕಡುಬಿಗೆಂದು ಅಕ್ಕಿ ಹಿಟ್ಟು ಜರಡಿ ಹಿಡಿಯುತ್ತಿದ್ದ. ಒಂದು ಮೊರದ ತುಂಬ ಬೆಳ್ಳನೆಯ ಹಿಟ್ಟು.

"ಯಾರು ಹೇಳಿದ್ರಂತೆ?" ಅಂದರು ಗುರುಗಳು.

ಪಾಲಾಕ್ಷ ಜೋಳಿಗೆ ಕೆಳಗಿಟ್ಟ. ಈ ಸಲ ಕುಕ್ಕಲಿಲ್ಲ.

ಗುರುಗಳು ದುರ್ಬೀನು ಅವನ ಕೈಗೆ ಕೊಟ್ಟರು. "ಚಂದ್ರನನ್ನ ನೋಡು. ಬಲಗಡೆ, ಅಂಚಿನ ಹತ್ತಿರ. ಏನು ಕಾಣುತ್ತೆ?"

"ಒಂದು ಚುಕ್ಕೆ. ಅದರಿಂದ ಸುತ್ತಲೂ ಬಿಳಿ ಗೆರೆ ಹೊರಟಿವೆ. ಕುಂಬಳಕಾಯಿ ತೊಟ್ಟಿನಿಂದ ಹೊರಡ್ತವಲ್ಲ, ಹಾಗೆ. ಒಂದು ಗೆರೆಯಂತೂ ಬಹಳ ದೂರ ಹೋಗಿದೆ."

"ಯಾವ ಕಾಲದಲ್ಲೋ ಅಲ್ಲೊಂದು ಕಲ್ಲು ಬಿತ್ತಂತೆ. ಮೇಷ್ಟ್ರು ಹೇಳಿದ್ದು."

"ಹಾಗಾದ್ರೆ ಆ ಗೆರೆಯೆಲ್ಲ ಕಲ್ಲಿನ ಪುಡಿಯಾ ಗುರುಗಳೇ?"

ಗುರುಗಳು ಓಬಳೇಶನ ಮುಂದಿದ್ದ ಮೊರವನ್ನು ತಮ್ಮ ಕಡೆ ಎಳೆದುಕೊಂಡರು. ಜೋಳಿಗೆಯಿಂದ ರಾಗಿ ಹಿಟ್ಟು ತೆಗೆದು ಅಕ್ಕಿ ಹಿಟ್ಟಿನ ಮೇಲೆ ತೆಳ್ಳಗೆ ಉದುರಿಸಿದರು. ಬಿಳಿ ಹಿಟ್ಟು ಪೂರ್ತಿ ಮುಚ್ಚಿಹೋಯಿತು.

"ಗುರುಗಳೇ, ಅದು ಕಡುಬಿಗೆ ಇಟ್ಟಿದ್ದು," ಅಂದ ಓಬಳೇಶ.

ಗುರುಗಳು ಅಂಗಳದಿಂದ ಒಂದು ಕರಿ ಕಲ್ಲು ಆರಿಸಿಕೊಂಡು ಬಂದರು. ಜಗಲಿಯ ಮೇಲೆ ನಿಂತು, ಕೈ ಎತ್ತಿ, ಮೊರದ ನಡುವೆ ಬಿಟ್ಟರು.

ಧಪ್ ಅಂತ ಸದ್ದಾಯಿತು. ನಡುವೆ ಒಂದು ಗುಂಡಿ ಬಿತ್ತು. ಅದರಿಂದ ಬಿಳಿ ಹಿಟ್ಟು ಎಳೆಎಳೆಯಾಗಿ ಚಿಮ್ಮಿ ರಾಗಿಯ ಮೇಲೆ ಬಿದ್ದಿತ್ತು, ಮೊರ ದಾಟಿ ಜಗಲಿಯ ಮೇಲೂ ಬಿದ್ದಿತ್ತು. ಒಂದು ಎಳೆ ಓಬಳೇಶನ ಮೂಗಿನ ಮೇಲಿತ್ತು.

"ಕಲ್ಲು ಯಾವ ಬಣ್ಣ?" ಕೇಳಿದರು ಗುರುಗಳು.

"ಕಪ್ಪು," ಅಂದ ಪಾಲಾಕ್ಷ.

"ಚೆಲ್ಲಿದ್ದು?"

"ಬಿಳಿ."

"ಯಾರದ್ದು?"

ಪಾಲಾಕ್ಷ ಮೊರದ ಮೇಲೆ ಬಾಗಿದ. ಓಬಳೇಶನೇ ಮೂಗು ಒರೆಸಿಕೊಳ್ಳುತ್ತಾ ಹೇಳಿದ, "ಮೊರದ್ದೇ. ಮತ್ತೆ ಕಲ್ಲಿನೊಳಗೆ ಹಿಟ್ಟಿರುತ್ತಾ?"

ಗುರುಗಳು ಗುಂಡಿಯೊಳಗಿಂದ ಕಲ್ಲನ್ನು ಎತ್ತಿದರು. "ಇಲ್ಲಾದರೂ ಕಲ್ಲು ಸಿಕ್ಕಿತು. ಅಲ್ಲಿ ಚಂದ್ರನ ಮೇಲೆ ಹುಡುಕಿದರೆ ಕಲ್ಲೇ ಸಿಗೋದಿಲ್ಲವಂತೆ. ಬಿದ್ದ ಏಟಿಗೇ ಬಹುಪಾಲು ಆವಿಯಾಗಿ ಹೋಯ್ತಂತೆ."

ಪಾಲಾಕ್ಷ ಜಗಲಿಯ ಮೇಲೆ ಚೆಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಹನ್ನೊಂದು ವರ್ಷದ ನಂತರ ಓಬಳೇಶನ ಕಡೆ ತಿರುಗಿದ.

"ಓಬಳೇಶ, ಅವತ್ತು ನೀನು ಸೌಟು ಹಿಡ್ಕೊಂಡು ಬಂದು ಒಂದು ಮಾತು ಅಂದಿದ್ದೆಯಲ್ಲ. ನನ್ನ ಹಾಡು ಕೋಣ ಕೂಗಿದ ಹಾಗಿದೆ ಅಂತ."

ಓಬಳೇಶ ಮೊದಲು ಬೆಚ್ಚಿದ್ದು ಪಾಲಾಕ್ಷ ತನ್ನ ಹತ್ತಿರ ಮಾತಾಡಿದ್ದಕ್ಕೆ. "ಗಂಟಲು ಸರಿಹೋಯ್ತಾ?" ಅಂದ.

"ಗಂಟಲಿಗೇನಾಗಿತ್ತು?"

"ಏನಾಗಿತ್ತೋ ನನಗೇನು ಗೊತ್ತು? ಇದ್ದಕ್ಕಿದ್ದ ಹಾಗೆ ಹಾಡು ನಿಲ್ಲಿಸಿದೆ, ನನ್ನ ಹತ್ತಿರ ಮಾತೂ ನಿಲ್ಲಿಸಿದೆ. ಪಾಪ, ಗಂಟಲು ಕೆಟ್ಟಿದೆ ಅಂದ್ಕೊಂಡೆ. ಅದಕ್ಕೇ ಅವತ್ತಿನಿಂದ ನಿನ್ನ ಸಾರಿಗೆ ಮಾತ್ರ ಬೇರೆ ಪಾತ್ರೇಲಿ ಮೆಣಸು ಜಾಸ್ತಿ ಹಾಕಿ ಕುದಿಸ್ತಾ ಇದ್ದೀನಿ. ಗುಣ ಕಾಣಲಿಲ್ಲ ಅಂತ ಹೋದ ವರ್ಷದಿಂದ ಇನ್ನೂ ಸ್ವಲ್ಪ ಜಾಸ್ತಿ ಮಾಡಿದೆ."

ಪಾಲಾಕ್ಷನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. "ಆ ಮಾತು ಅಂದದ್ದು ನೆನಪೇ ಇಲ್ವಾ?"

"ನಾನು ಒಲೆ ಮುಂದೆ ದಿನಕ್ಕೆ ನೂರು ಮಾತು ಆಡ್ತೀನಿ ಮಾರಾಯ. ಅರ್ಧ ಬೆಕ್ಕಿಗೆ ಹೇಳಿದ್ದು."

ಪಾಲಾಕ್ಷ ಮತ್ತೆ ದುರ್ಬೀನು ಎತ್ತಿಕೊಂಡ. ಅಳು ಮರೆಸಲು ಅದು ಒಳ್ಳೆಯ ಸಾಧನ.

"ಗುರುಗಳೇ, ಚಂದ್ರನ ಮೈ ತುಂಬ ಗುಂಡಿ ಅಂತೀರಿ. ಮತ್ತೆ ಎಲ್ಲದಕ್ಕೂ ಗೆರೆ ಯಾಕಿಲ್ಲ?"

"ಹಳೇ ಗುಂಡಿಗಳಿಗೂ ಇದ್ದವು. ಬಿಸಿಲಿಗೆ, ಧೂಳಿಗೆ ಮಾಸಿಹೋದವು."

"ಇದು?"

"ಇದೂ ಮಾಸುತ್ತೆ. ಚಂದ್ರ ಮನೆಮನೆಗೆ ಹೋಗಿ ಅದನ್ನ ತೋರಿಸಿಕೊಂಡು ಬರೋದಿಲ್ಲವಲ್ಲ."

"ನೀವು ಇದನ್ನ ಹನ್ನೊಂದು ವರ್ಷದ ಹಿಂದೆಯೇ ಹೇಳಬಹುದಿತ್ತು."

"ಎರಡು ಸಲ ಹೇಳಿದೆ. ಎರಡು ಸಲವೂ ನೀನು ಯಾರಿಗೋ ಕಥೆ ಹೇಳ್ತಾ ಇದ್ದೆ."

ಪಾಲಾಕ್ಷ ಒಳಗೆ ಹೋದ. ಕಟ್ಟಿಟ್ಟ ಗಂಟು ಮೂಲೆಯಲ್ಲಿತ್ತು. ಅದನ್ನು ದಾಟಿ ಗೂಟದಿಂದ ಏಕತಾರಿ ಇಳಿಸಿದ. ಬುರುಡೆಯೊಳಗೆ ಕಣಜ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಮಣ್ಣು ಕೆರೆದು ತೆಗೆದು, ತಂತಿಯ ತುಕ್ಕು ಒರೆಸಿ, ಬಿಗಿ ಮಾಡಿ, ಹೊರಗೆ ಬಂದು ಗುರುಗಳ ಮುಂದೆ ಕೂತ.

ಕಣ್ಣು ಮುಚ್ಚಿ ಪದ ಎತ್ತಿಕೊಂಡ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹನ್ನೊಂದು ವರ್ಷ ಸುಮ್ಮನಿದ್ದ ಗಂಟಲು ಅದು, ಸಾಲದ್ದಕ್ಕೆ ಅಷ್ಟು ಮೆಣಸು ಕಂಡ ಗಂಟಲು. ಆಚೆ ದಡದಲ್ಲಿ ಮನೆ ಕಡೆ ಹೊರಟಿದ್ದ ಎಮ್ಮೆಗಳು ನಿಂತು ಈ ಕಡೆ ತಿರುಗಿದವು. ಒಂದು ಎಮ್ಮೆ ಉತ್ತರವನ್ನೂ ಕೊಟ್ಟಿತು.

ಮೊದಲ ನುಡಿ ಮುಗಿಯಿತು.

ಓಬಳೇಶ ತೊಡೆ ತಟ್ಟಿದ. "ಹೌದಲ್ಲ, ಅಂದಿದ್ದೆ. ಈಗ ನೆನಪಾಯ್ತು ನೋಡು."

ಪಾಲಾಕ್ಷನ ಬೆರಳು ತಂತಿಯ ಮೇಲೆ ಹಾಗೇ ನಿಂತಿತು. ಕಣ್ಣು ಬಿಟ್ಟು ಗುರುಗಳ ಮುಖ ನೋಡಿದ.

ಗುರುಗಳು ಮೊರದ ಹಿಟ್ಟನ್ನು ಅಂಗೈಯಿಂದ ಮೆಲ್ಲಗೆ ಸಮ ಮಾಡುತ್ತಿದ್ದರು. ತಲೆಯೆತ್ತದೆ ಹೇಳಿದರು:

"ಕೋಣದ ಹಾಗೇ ಇದೆ. ಮುಂದಿನ ನುಡಿ ಹಾಡು."